ಪಾಯಿಂಟ್ ಎಷ್ಟು? ಆಟದ ವಿವರಣೆಯಲ್ಲಿ ಎರಡು ಅಳತೆಗೋಲು



ಆಟ ಮತ್ತು ಮಾಧ್ಯಮವನ್ನು ಕುರಿತ ನಮ್ಮ ಮಾತುಕತೆ ಕಾರ್ಯಕ್ರಮವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅರ್ಧ ಗಂಟೆಯ ಅವಧಿಯಲ್ಲಿ ಹೇಳಲಾಗದೆ ಉಳಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಶಾಲಾ ಮಕ್ಕಳ ಖೋ-ಖೋ ಪಂದ್ಯಗಳ ಕುರಿತು ಒಂದು ಕಿರು ವರದಿ ಮಾಡಲು ಬೆಳಗಾವಿ ಜಿಲ್ಲೆಯ ಭೋಜ ಗ್ರಾಮಕ್ಕೆ ಹೋಗಿದ್ದೆ. ದೂಧಗಂಗಾ, ವೇದಗಂಗಾ ನದಿಗಳ ಸೀಮೆಯ ಊರು. ಸುತ್ತ ಕಬ್ಬಿನ ಹೊಲಗಳು. ಕಟ್ಟೆಯ ಮೇಲೆ ಕನ್ನಡವೂ ಮರಾಠಿಯೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಹುಡುಗರ ಅಂತಿಮ ಪಂದ್ಯ, ಹುಡುಗಿಯರ ಅಂತಿಮ ಪಂದ್ಯ ಎರಡನ್ನೂ ಚಿತ್ರೀಕರಿಸಿಕೊಂಡು ಬಂದೆವು. ವಿವರಣೆಯ ಮಾತುಗಳನ್ನು ನಾನೇ ಬರೆದೆ.

ಹುಡುಗರ ಬಗ್ಗೆ ನಾನು ಬರೆದದ್ದು ಹೀಗಿತ್ತು: “ಹುಲಿಗಳಂತೆ ಎರಗಿದ ಆಟಗಾರರು ಎದುರಾಳಿಗಳಿಗೆ ಉಸಿರಾಡಲೂ ಬಿಡದೆ ನಾಲ್ಕು ಪಾಯಿಂಟುಗಳ ಅಂತರದಿಂದ ಗೆದ್ದರು.” ಹುಡುಗಿಯರ ಬಗ್ಗೆ ಬರೆದದ್ದು: “ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ ಮುದ್ದು ಬಾಲೆಯರು ಚಿಗರಿಗಳಂತೆ ಕುಣಿದು ಕುಪ್ಪಳಿಸಿ ನೆರೆದವರ ಮನ ಸೂರೆಗೊಂಡರು.” ಬರೆದಾಗ ಬಹಳ ಚೆನ್ನಾಗಿದೆ ಎನಿಸಿತ್ತು. ವರದಿ ಪ್ರಸಾರವೂ ಆಯಿತು.

ಮುಂದೆ ಬೇರೊಂದು ಕಾರ್ಯಕ್ರಮಕ್ಕಾಗಿ ಅದೇ ಕಡೆ ಹೋದಾಗ, ಆ ತಂಡದಲ್ಲಿದ್ದ ಹುಡುಗಿಯೊಬ್ಬಳು ನನ್ನ ಗುರುತು ಹಿಡಿದು ಹತ್ತಿರ ಬಂದಳು. “ಮೇಡಂ, ಟಿವ್ಯಾಗ ನಮ್ಮನ್ನ ತೋರಿಸಿದ್ದು ನೋಡಿದ್ವಿರಿ. ಛಲೋ ಇತ್ರಿ. ಆದ್ರ ಹುಡುಗುರದು ಪಾಯಿಂಟ್ ಹೇಳೀರಿ, ನಾವು ಎಷ್ಟು ಪಾಯಿಂಟ್‌ಲೆ ಗೆದ್ದಿವಿ ಅಂತ ಹೇಳಲೇ ಇಲ್ಲಲ್ರೀ?” ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಮತ್ತೊಂದು ಮಾತು ಸೇರಿಸಿದಳು: “ನಮ್ಮ ಆಯಿ ನೋಡಿ, ಇದು ಡ್ಯಾನ್ಸಿನ ಪ್ರೋಗ್ರಾಂ ಏನ ಅಂತ ಕೇಳಿದ್ಳರಿ. ಜಿಲ್ಲಾ ಮಟ್ಟಕ್ಕ ಆಡಾಕ ಕಳಸೂದು ಬ್ಯಾಡ ಅನ್ನಾಕತ್ಯಾರ್ರಿ ಮನ್ಯಾಗ.”

ಆ ಹುಡುಗಿಯ ತಂಡ ಗೆದ್ದದ್ದು ಎಷ್ಟು ಪಾಯಿಂಟುಗಳಿಂದ ಎಂದು ನನಗೂ ನೆನಪಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದೆ. ಹುಡುಗರ ಅಂಕಗಳು ಬರೆದಿದ್ದವು. ಹುಡುಗಿಯರ ಪುಟದಲ್ಲಿ “ರಿಬ್ಬನ್, ಜಡೆ, ನಗು” ಎಂದಿತ್ತು.

ನಾನೂ ಒಬ್ಬ ಹೆಣ್ಣುಮಗಳು. ಹೆಣ್ಣುಮಕ್ಕಳನ್ನು ಹೀಗಳೆಯುವ ಉದ್ದೇಶ ನನಗೆ ಕನಸಿನಲ್ಲಿಯೂ ಇರಲಿಲ್ಲ. ಹಾಗಿದ್ದರೆ ಆ ವಾಕ್ಯ ಎಲ್ಲಿಂದ ಬಂತು? ನಾನು ಬಾಲ್ಯದಿಂದ ಕೇಳಿದ ವೀಕ್ಷಕ ವಿವರಣೆಗಳಿಂದ, ಓದಿದ ಕ್ರೀಡಾಪುಟಗಳಿಂದ ಬಂತು. ಭಾಷೆಯ ರೂಢಿ ಬರೆಯುವವರು ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ಆದ್ದರಿಂದಲೇ ಅದನ್ನು ಪರೀಕ್ಷಿಸುವುದು ಅಗತ್ಯ.

ಒಂದೇ ಅಂಶವನ್ನು ಬದಲಿಸಿ ನೋಡಿ

ನಾನು ಓದಿದ್ದು ವಿಜ್ಞಾನ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠ ನಿಮಗೂ ಗೊತ್ತಿರುವಂಥದೇ: ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಅದೊಂದನ್ನೇ ಬದಲಿಸಬೇಕು. ಆಟದ ವಿವರಣೆಗೂ ಈ ಪಾಠ ಅನ್ವಯಿಸುತ್ತದೆ. ವಾಕ್ಯವನ್ನು ಹಾಗೆಯೇ ಇಟ್ಟು ಹೆಸರನ್ನು ಮಾತ್ರ ಬದಲಿಸಿ ನೋಡಿ. ಮಹಿಳೆಯ ಹೆಸರಿದ್ದಲ್ಲಿ ಪುರುಷನ ಹೆಸರಿಡಿ. ವಾಕ್ಯ ಸರಿಯಾಗಿ ನಿಂತರೆ ಅದು ಆಟದ ಬಗ್ಗೆ ಹೇಳಿದ ಮಾತು. ನಗು ಬಂದರೆ ಅಲ್ಲಿ ಎರಡನೆಯ ಅಳತೆಗೋಲು ಅಡಗಿದೆ ಎಂದು ತಿಳಿಯಬೇಕು.

“ಎಡಗೈ ಬ್ಯಾಟಿಂಗಿನ ಸ್ಮೃತಿ ಮಂದಾನ ಕವರ್ ದಿಕ್ಕಿಗೆ ಚೆಂಡನ್ನು ಅಟ್ಟಿದರು” ಎಂಬ ವಾಕ್ಯದಲ್ಲಿ ಯಾವ ಎಡಗೈ ಆಟಗಾರನ ಹೆಸರನ್ನಿಟ್ಟರೂ ಅದು ಹೊಂದುತ್ತದೆ. ಇದೇ ಮಂದಾನ ನಮ್ಮ ನೆರೆಯವರು. ಕಾಗವಾಡ ದಾಟಿದರೆ ಮಿರಜ್, ಅದರ ಮಗ್ಗುಲಿಗೇ ಅವರು ಆಡಿ ಬೆಳೆದ ಸಾಂಗ್ಲಿ. 2018 ಮತ್ತು 2021ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ವರ್ಷದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು. ಆದರೆ ಅವರಿಗೆ ಮಾಧ್ಯಮಗಳು ಅಂಟಿಸಿದ ಬಿರುದು ಯಾವುದು? “ನ್ಯಾಷನಲ್ ಕ್ರಶ್.” ಈಗ ಹೆಸರು ಬದಲಿಸಿ. “ನ್ಯಾಷನಲ್ ಕ್ರಶ್ ಅನಿಲ್ ಕುಂಬ್ಳೆ ಹತ್ತು ವಿಕೆಟ್ ಪಡೆದರು” ಎಂದು ಯಾರಾದರೂ ಹೇಳಿದ್ದುಂಟೆ?

ನಮ್ಮ ಪದಗಳ ಕಥೆ

ಕನ್ನಡದ ಕ್ರೀಡಾಪುಟಗಳನ್ನು ಓದುತ್ತ ಬೆಳೆದವರಿಗೆ “ಮೂಗುತಿ ಸುಂದರಿ” ಎಂದರೆ ಯಾರೆಂದು ಹೇಳಬೇಕಾಗಿಲ್ಲ. ಸಾನಿಯಾ ಮಿರ್ಜಾ ಅವರ ಫೋರ್‌ಹ್ಯಾಂಡ್ ಹೊಡೆತ ಆ ಕಾಲದ ಅತ್ಯಂತ ಬಿರುಸಿನ ಹೊಡೆತಗಳಲ್ಲಿ ಒಂದು. ಅವರು ಡಬಲ್ಸ್ ಮತ್ತು ಮಿಶ್ರ ಡಬಲ್ಸ್‌ನಲ್ಲಿ ಒಟ್ಟು ಆರು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಗೆದ್ದರು. 2015ರಲ್ಲಿ ಮಹಿಳಾ ಡಬಲ್ಸ್‌ನಲ್ಲಿ ವಿಶ್ವದ ಒಂದನೆಯ ಸ್ಥಾನಕ್ಕೆ ಏರಿದರು. ಆದರೂ ತಲೆಬರಹದಲ್ಲಿ ಹೊಳೆದದ್ದು ಮೂಗುತಿ. ಹೊರದೇಶದ ಟೆನಿಸ್ ಆಟಗಾರ್ತಿಯರಾದರೆ ಎಲ್ಲರೂ “ಬೆಡಗಿ”ಯರು. ಕೊಡಗಿನ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಓಟಗಾರ್ತಿ. ಅವರಿಗೆ “ಭಾರತದ ಫ್ಲೋ-ಜೋ” ಎಂಬ ಹೆಸರು ಬಂತು. ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಅವರ ವೇಗದಷ್ಟೇ ಉಡುಪೂ ಉಗುರೂ ಸುದ್ದಿಯಾಗಿದ್ದ ಕಾಲವದು. ಅಶ್ವಿನಿಯವರ ಬಗೆಗಿನ ಬರಹಗಳಲ್ಲಿಯೂ ಸೆಕೆಂಡುಗಳಿಗಿಂತ ಸೊಬಗಿನ ವರ್ಣನೆಗೇ ಹೆಚ್ಚು ಜಾಗ ಸಿಗುತ್ತಿತ್ತು.

ಇನ್ನು “ಪಂದ್ಯ ಪುರುಷೋತ್ತಮ” ಎಂಬ ಪದವನ್ನು ನೋಡಿ. ಇಂಗ್ಲಿಷಿನ ಪದವನ್ನು ಕನ್ನಡಕ್ಕೆ ತಂದವರು ಬಹು ಗಂಭೀರವಾದ ಪದವನ್ನೇ ಆರಿಸಿದರು. ಆದರೆ ಆ ಪ್ರಶಸ್ತಿ ಒಬ್ಬ ಆಟಗಾರ್ತಿಗೆ ಬಂದಾಗ ಏನು ಮಾಡುವುದು? ಕೆಲವೊಮ್ಮೆ ಅವರನ್ನೂ ಪುರುಷೋತ್ತಮರನ್ನಾಗಿಯೇ ಮಾಡಿದ್ದುಂಟು! “ಪಂದ್ಯಶ್ರೇಷ್ಠ” ಎಂಬ ಪದ ಬಳಕೆಗೆ ಬಂದ ಮೇಲೆ ಈ ಗೊಂದಲ ತಪ್ಪಿತು. ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಎಂಸಿಸಿ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ “ಬ್ಯಾಟ್ಸ್‌ಮನ್” ಬದಲು “ಬ್ಯಾಟರ್” ಎಂಬ ಪದವನ್ನು ನಿಯಮಾವಳಿಯಲ್ಲಿ ಸೇರಿಸಿತು. ಬೌಲರ್, ಫೀಲ್ಡರ್ ಎಂಬ ಪದಗಳು ಮೊದಲಿನಿಂದಲೂ ಇದ್ದುದರಿಂದ ಇದು ಅಂಥ ದೊಡ್ಡ ಕ್ರಾಂತಿಯೇನಲ್ಲ. ಆದರೂ ಪದ ಬದಲಾದರೆ ಆಟ ಕೆಡುತ್ತದೆ ಎಂಬ ಕೂಗು ಎದ್ದಿತ್ತು. ಆಟ ಕೆಡಲಿಲ್ಲ ಎಂಬುದನ್ನು ನೀವೇ ನೋಡಿದ್ದೀರಿ.

ನಮ್ಮ ಉತ್ತರ ಕರ್ನಾಟಕವನ್ನು “ಗಂಡುಮೆಟ್ಟಿದ ನಾಡು” ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಧೈರ್ಯ ತೋರಿದವರಿಗೆ “ಗಂಡೆದೆ” ಇದೆ ಎನ್ನುತ್ತೇವೆ. ಹಿಂಜರಿದವರನ್ನು “ಕೈಗೆ ಬಳೆ ತೊಟ್ಟುಕೋ” ಎಂದು ಹಂಗಿಸುತ್ತೇವೆ. ಆದರೆ ಇದೇ ಜಿಲ್ಲೆಯ ಕಿತ್ತೂರಿನಲ್ಲಿ 1824ರಲ್ಲಿ ಬ್ರಿಟಿಷರನ್ನು ಎದುರಿಸಿ ನಿಂತವರು ಬಳೆ ತೊಟ್ಟ ಚೆನ್ನಮ್ಮ ರಾಣಿ. ಇದೇ ಜಿಲ್ಲೆಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಮಲ್ಲಯುದ್ಧದ ಬಗೆಯ ಆಟದಲ್ಲಿ ಕಂಚಿನ ಪದಕ ಗೆದ್ದರು. ಅಂಥವರ ಆಟವನ್ನು ವಿವರಿಸುವಾಗಲೂ “ಗಂಡಿನಂತೆ ಸೆಣಸಿದಳು” ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲಿ ಬಂದು ಕೂಡುತ್ತದೆ. ಹೊಗಳಿಕೆಯೆಂದು ಹೇಳಿದ ಈ ಮಾತು, ಗೆಲುವಿನ ಹಕ್ಕು ಗಂಡಿನದು, ಹೆಣ್ಣು ಅದನ್ನು ಎರವಲು ತಂದಿದ್ದಾಳೆ ಎಂದು ಹೇಳಿದಂತಾಗುತ್ತದೆ.

ಇಲ್ಲಿ ಕನ್ನಡದ ಒಂದು ಅನುಕೂಲವನ್ನು ಮರೆಯಬಾರದು. ನಮ್ಮ ಕ್ರಿಯಾಪದ ಗಂಡು ಹೆಣ್ಣನ್ನು ತೋರಿಸುತ್ತದೆ: ಓಡಿದನು, ಓಡಿದಳು. ಆದರೆ ಗೌರವದ “ಓಡಿದರು” ಎಂಬ ರೂಪ ಇಬ್ಬರಿಗೂ ಒಂದೇ. “ಆಟಗಾರರು”, “ತಂಡದವರು” ಎಂಬ ಬಹುವಚನವೂ ಹಾಗೆಯೇ. ಹೊಸ ಪದ ಹುಟ್ಟಿಸುವ ಕಷ್ಟವಿಲ್ಲದೆ ಸಮಾನವಾಗಿ ಮಾತನಾಡುವ ದಾರಿ ನಮ್ಮ ವ್ಯಾಕರಣದಲ್ಲಿಯೇ ಇದೆ. ಮೂವತ್ತು ವರ್ಷದ ಆಟಗಾರನನ್ನು “ಅವರು” ಎಂದು, ಅದೇ ವಯಸ್ಸಿನ ಆಟಗಾರ್ತಿಯನ್ನು “ಅವಳು”, “ಈ ಹುಡುಗಿ” ಎಂದು ಕರೆದಾಗ ತಪ್ಪು ವ್ಯಾಕರಣದ್ದಲ್ಲ, ನಮ್ಮದು.

ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಮೆಸ್ನರ್ ಮತ್ತು ಅವರ ಸಂಗಡಿಗರು 1989ರ ಟಿವಿ ಪ್ರಸಾರಗಳನ್ನು ಪರಿಶೀಲಿಸಿ 1993ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಟೆನಿಸ್ ವಿವರಣೆಯಲ್ಲಿ ಆಟಗಾರ್ತಿಯರನ್ನು ಅರ್ಧಕ್ಕಿಂತ ಹೆಚ್ಚು ಸಲ ಬರೀ ಮೊದಲ ಹೆಸರಿನಿಂದ ಕರೆದಿದ್ದರು. ಪುರುಷರನ್ನು ಹಾಗೆ ಕರೆದದ್ದು 100ಕ್ಕೆ 10 ಸಲಕ್ಕಿಂತಲೂ ಕಡಿಮೆ. ನಮ್ಮಲ್ಲಿ ಸಚಿನ್ ಅವರನ್ನು ಎಲ್ಲರೂ ಸಚಿನ್ ಎಂದೇ ಕರೆಯುತ್ತಾರೆ ನಿಜ. ಆದ್ದರಿಂದ ಈ ಲೆಕ್ಕವನ್ನು ನಮ್ಮ ದೇಶಕ್ಕೆ ಕಣ್ಣು ಮುಚ್ಚಿ ಅನ್ವಯಿಸಲಾಗದು. ನಮ್ಮ ಲೆಕ್ಕವನ್ನು ನಾವೇ ಮಾಡಬೇಕು. ಅದು ಹೇಗೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

“ಮೊದಲಿಗರು” ಯಾರು?

ಭಾಷೆಯ ಇನ್ನೊಂದು ದೋಷ ಹೇಳಿದ ಮಾತಿನಲ್ಲಿಲ್ಲ, ಬಿಟ್ಟ ಮಾತಿನಲ್ಲಿದೆ. ಏಕದಿನ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಮೊದಲ ದ್ವಿಶತಕ ಹೊಡೆದವರು ಯಾರು? ರಸಪ್ರಶ್ನೆಯಲ್ಲಿ ಈ ಪ್ರಶ್ನೆ ಬಂದರೆ ನಿಮ್ಮಲ್ಲಿ ಹೆಚ್ಚಿನವರು ಸಚಿನ್ ತೆಂಡೂಲ್ಕರ್ ಎನ್ನುತ್ತೀರಿ. ಅವರು ಗ್ವಾಲಿಯರ್‌ನಲ್ಲಿ 200 ರನ್ ಹೊಡೆದದ್ದು 2010ರ ಫೆಬ್ರವರಿ 24ರಂದು. ಆದರೆ ಆಸ್ಟ್ರೇಲಿಯದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ವಿರುದ್ಧ ಔಟಾಗದೆ 229 ರನ್ ಹೊಡೆದದ್ದು 1997ರ ಡಿಸೆಂಬರಿನಲ್ಲಿ, ಅದೂ ನಮ್ಮ ಮುಂಬಯಿಯಲ್ಲಿ. ಮೊದಲ ಕ್ರಿಕೆಟ್ ವಿಶ್ವಕಪ್ ಯಾವಾಗ ನಡೆಯಿತು? 1975 ಎನ್ನುತ್ತೀರಿ. ಅದು ಪುರುಷರದು. ಮಹಿಳೆಯರ ಮೊದಲ ವಿಶ್ವಕಪ್ ಅದಕ್ಕಿಂತ ಎರಡು ವರ್ಷ ಮೊದಲು, 1973ರಲ್ಲಿ ಇಂಗ್ಲೆಂಡಿನಲ್ಲಿ ನಡೆದಿತ್ತು.

ಗಮನಿಸಿ: ಮಹಿಳೆಯರ ಪಂದ್ಯಕ್ಕೆ “ಮಹಿಳಾ ವಿಶ್ವಕಪ್” ಎಂದು ಹೆಸರು, ಪುರುಷರದಕ್ಕೆ ಬರೀ “ವಿಶ್ವಕಪ್.” ಮಹಿಳೆಯರದು ಎಂದು ಹೇಳುವುದು ತಪ್ಪಲ್ಲ. ಯಾವ ಪಂದ್ಯ ಎಂದು ತಿಳಿಯಲು ಅದು ಬೇಕು. ಆದರೆ ಒಂದಕ್ಕೆ ಗುರುತು ಹಚ್ಚಿ ಇನ್ನೊಂದಕ್ಕೆ ಹಚ್ಚದಿದ್ದರೆ, ಗುರುತಿಲ್ಲದ್ದೇ ಅಸಲು, ಗುರುತಿರುವುದು ಅದರ ಕಿರುರೂಪ ಎಂಬ ಭಾವನೆ ಬೆಳೆಯುತ್ತದೆ.

ನಮ್ಮ ಮನೆಯಂಗಳದ್ದೇ ಉದಾಹರಣೆ ಬೇಕೆ? “ಈ ಸಲ ಕಪ್ ನಮ್ದೇ” ಎಂಬ ಘೋಷಣೆ ನಿಮಗೆಲ್ಲ ಬಾಯಿಪಾಠ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಆರ್‌ಸಿಬಿ ಮಹಿಳಾ ತಂಡ ಅಂತಿಮ ಪಂದ್ಯ ಗೆದ್ದಿತು. ಸ್ಮೃತಿ ಮಂದಾನ ನಾಯಕಿ. ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಆ ಪಂದ್ಯದಲ್ಲಿ 12 ರನ್ನಿಗೆ 4 ವಿಕೆಟ್ ಪಡೆದರು. ಕಪ್ ನಮ್ಮದಾಯಿತು. 2025ರ ಜೂನ್ 3ರಂದು ಪುರುಷರ ತಂಡ ಗೆದ್ದಾಗ “ಆರ್‌ಸಿಬಿಗೆ ಚೊಚ್ಚಲ ಕಪ್” ಎಂದು ಬರೆದವರು, ಹೇಳಿದವರು ಎಷ್ಟು ಮಂದಿ! ಅದು ಪುರುಷರ ತಂಡದ ಚೊಚ್ಚಲ ಕಪ್. ಒಂದೇ ಒಂದು ಪದವನ್ನು ಬಿಟ್ಟದ್ದರಿಂದ ಹಿಂದಿನ ವರ್ಷದ ಗೆಲುವೇ ಅಳಿಸಿಹೋಯಿತು.

ಇಂಥದನ್ನು ಸ್ಥಳದಲ್ಲಿಯೇ ತಿದ್ದಿದ ಪುರುಷ ಆಟಗಾರರೂ ಇದ್ದಾರೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಆಂಡಿ ಮರ್ರೆ ಎರಡನೆಯ ಚಿನ್ನ ಗೆದ್ದಾಗ, ಟೆನಿಸ್‌ನಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊದಲ ವ್ಯಕ್ತಿ ನೀವೇ ಎಂದು ನಿರೂಪಕರು ಹೊಗಳಿದರು. ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ತಲಾ ನಾಲ್ಕು ಗೆದ್ದಿದ್ದಾರಲ್ಲ ಎಂದು ಮರ್ರೆ ಅಲ್ಲಿಯೇ ನೆನಪಿಸಿದರು. ಸಿಂಗಲ್ಸ್‌ನಲ್ಲಿ ಎರಡು ಗೆದ್ದ ಮೊದಲಿಗ ಎಂಬುದಷ್ಟೇ ತನ್ನ ಸಾಧನೆ ಎಂದರು. ತನಗೆ ಬಂದ ಹೊಗಳಿಕೆಯನ್ನೇ ತಿದ್ದಿದ ಈ ಪ್ರಾಮಾಣಿಕತೆ ನಮಗೆ ಮಾದರಿ.

ನಮ್ಮವರೇ ಆದ ಶಾಂತಾ ರಂಗಸ್ವಾಮಿ ಎಷ್ಟು ಜನರಿಗೆ ಗೊತ್ತು? 1976ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಕರ್ನಾಟಕದ ಈ ಆಟಗಾರ್ತಿ. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ ಅವರ ಆಟವನ್ನು ನಮ್ಮ ಹಿರಿಯರು ರೇಡಿಯೊ ಕಿವಿಗೆ ಹಚ್ಚಿಕೊಂಡು ಕೇಳಿ ಬಾಯಿಪಾಠ ಮಾಡಿದ್ದರು. ಶಾಂತಾ ಅವರ ಆ ಶತಕವನ್ನು ಬಣ್ಣಿಸಿ ನಮ್ಮ ಮನೆಗಳಿಗೆ ಮುಟ್ಟಿಸುವ ದನಿಗಳು ಇರಲಿಲ್ಲ. ನೆನಪು ಉಳಿಯುವುದು ಹೇಳುವವರಿದ್ದಾಗ.

ಕೇಳುವ ಪ್ರಶ್ನೆಗಳು

ಸಂದರ್ಶನವೂ ಪ್ರಸಾರದ ಭಾಗವೇ. 2017ರ ವಿಶ್ವಕಪ್ ಆರಂಭವಾಗುವ ಮುನ್ನ, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಪತ್ರಕರ್ತರೊಬ್ಬರು ಭಾರತದ ನಾಯಕಿ ಮಿಥಾಲಿ ರಾಜ್ ಅವರನ್ನು ಕೇಳಿದರು. ಪುರುಷ ಆಟಗಾರರಿಗೆ ಮೆಚ್ಚಿನ ಮಹಿಳಾ ಆಟಗಾರ್ತಿ ಯಾರೆಂದು ಎಂದಾದರೂ ಕೇಳಿದ್ದೀರಾ ಎಂದು ಮಿಥಾಲಿ ಮರುಪ್ರಶ್ನೆ ಹಾಕಿದರು. ನೋಡಿ, ಅವರು ಮಾಡಿದ್ದು ನಮ್ಮ ಹೆಸರು ಬದಲಿಸುವ ಪ್ರಯೋಗವನ್ನೇ! 2016ರಲ್ಲಿ ಸಾನಿಯಾ ಮಿರ್ಜಾ ಅವರನ್ನೂ ಟಿವಿ ಸಂದರ್ಶಕರೊಬ್ಬರು, ಯಾವಾಗ ತಾಯಿಯಾಗಿ ನೆಲೆಗೊಳ್ಳುತ್ತೀರಿ ಎಂಬರ್ಥದ ಪ್ರಶ್ನೆ ಕೇಳಿದ್ದರು. ವಿಶ್ವದ ಒಂದನೆಯ ಸ್ಥಾನದಲ್ಲಿದ್ದರೂ ಇನ್ನೂ ನೆಲೆಗೊಂಡಿಲ್ಲ ಎಂದು ಭಾವಿಸುತ್ತೀರಲ್ಲ ಎಂದು ಸಾನಿಯಾ ಬೇಸರ ವ್ಯಕ್ತಪಡಿಸಿದರು. ಸಂದರ್ಶಕರು ತಪ್ಪನ್ನು ಅರಿತು, ಪುರುಷ ಆಟಗಾರರಿಗೆ ಇಂಥ ಪ್ರಶ್ನೆ ಕೇಳುತ್ತಿರಲಿಲ್ಲ ಎಂದು ಒಪ್ಪಿ ಕ್ಷಮೆ ಕೋರಿದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಮಹಿಳೆಯರು ಈಜಿನ ರಿಲೇಯಲ್ಲಿ ಚಿನ್ನ ಗೆದ್ದು ಕೊಳದ ಬಳಿಯಿಂದ ಹೊರಡುತ್ತಿದ್ದಾಗ, ಹೆಂಗಸರು ಗೊತ್ತಲ್ಲ, ಮೇಕಪ್ ಮಾಡಿಕೊಳ್ಳುತ್ತ ತಡಮಾಡುತ್ತಾರೆ ಎಂಬರ್ಥದಲ್ಲಿ ವಿವರಣೆಗಾರರೊಬ್ಬರು ಹಾಸ್ಯ ಮಾಡಿದರು. ಯೂರೋಸ್ಪೋರ್ಟ್ ವಾಹಿನಿ ಅವರನ್ನು ಆ ಕೆಲಸದಿಂದ ತೆಗೆಯಿತು. ಇಂಥ ಮಾತು ಕೇಳಿ ಸುಮ್ಮನಿರುವ ಕಾಲ ನಿಧಾನವಾಗಿ ಕಳೆಯುತ್ತಿದೆ.

ಕ್ಯಾಮೆರಾ ಕೂಡ ಮಾತನಾಡುತ್ತದೆ

ಈಗ ನನ್ನ ವೃತ್ತಿಯ ಒಳಗುಟ್ಟೊಂದನ್ನು ಹೇಳುತ್ತೇನೆ. ನೀವು ಪರದೆಯ ಮೇಲೆ ನೋಡುವ ವೇಗ, ರೋಮಾಂಚನ ಎಲ್ಲವೂ ಮೈದಾನದಿಂದಲೇ ಬರುವುದಿಲ್ಲ. ಅರ್ಧದಷ್ಟು ಕ್ಯಾಮೆರಾಗಳ ಸಂಖ್ಯೆಯಿಂದ, ಮರುಪ್ರದರ್ಶನದಿಂದ, ಪರದೆಯ ಅಂಕಿ-ಅಂಶಗಳಿಂದ ಬರುತ್ತದೆ. ಹತ್ತಾರು ಕ್ಯಾಮೆರಾ ಇಟ್ಟು, ಚೆಂಡು ತಿರುಗಿದ್ದನ್ನು ನಿಧಾನಗತಿಯಲ್ಲಿ ಮೂರು ಕೋನಗಳಿಂದ ತೋರಿಸಿದರೆ ಸಾಧಾರಣ ಎಸೆತವೂ ಅದ್ಭುತವಾಗಿ ಕಾಣುತ್ತದೆ. ನಾಲ್ಕೇ ಕ್ಯಾಮೆರಾಗಳಲ್ಲಿ ದೂರದಿಂದ ತೋರಿಸಿದರೆ ಅದ್ಭುತ ಎಸೆತವೂ ಸಪ್ಪೆ. ಆಮೇಲೆ ನಾವು ಹೇಳುತ್ತೇವೆ: ಮಹಿಳೆಯರ ಆಟ ನೋಡಲು ಸಪ್ಪೆ, ಅದಕ್ಕೇ ಜನ ನೋಡುವುದಿಲ್ಲ!

2017ರ ಮಹಿಳಾ ವಿಶ್ವಕಪ್‌ನಲ್ಲಿ ಒಟ್ಟು 31 ಪಂದ್ಯಗಳಿದ್ದವು. ಅವುಗಳಲ್ಲಿ ಟಿವಿ ಪ್ರಸಾರಕ್ಕೆ ಗೊತ್ತುಪಡಿಸಿದ್ದು 10 ಮಾತ್ರ. ಉಳಿದವು ಅಂತರ್ಜಾಲದಲ್ಲಿ. ತೀರ್ಪು ಮರುಪರಿಶೀಲನೆಯ ಸೌಲಭ್ಯವಿದ್ದದ್ದೂ ಟಿವಿ ಪಂದ್ಯಗಳಲ್ಲಿ ಮಾತ್ರ. ಅಂದರೆ ಪ್ರಸಾರದ ನಿರ್ಧಾರವೊಂದು ಆಟದ ನ್ಯಾಯವನ್ನೂ ಬದಲಿಸುತ್ತದೆ. ಆ ವಿಶ್ವಕಪ್‌ನಲ್ಲಿಯೇ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದು ಭಾರತವನ್ನು ಉಪಾಂತ್ಯಕ್ಕೆ ಮುಟ್ಟಿಸಿದರು.

ಕ್ಯಾಮೆರಾ ಯಾವುದರ ಮೇಲೆ ನಿಲ್ಲುತ್ತದೆ ಎಂಬುದೂ ಮುಖ್ಯ. ಆಟಗಾರನ ವಿಷಯದಲ್ಲಿ ಅದು ಕಾಲಿನ ಚಲನೆ, ಮಣಿಕಟ್ಟಿನ ತಿರುವನ್ನು ಹಿಡಿಯುತ್ತದೆ. ಆಟಗಾರ್ತಿಯಾದರೆ ಮುಖ, ಮೈ, ಉಡುಪಿನ ಮೇಲೆ ತಡವಾಗಿ ಚಲಿಸುತ್ತದೆ. ಪ್ಯಾರಿಸ್ ಒಲಿಂಪಿಕ್ಸ್ ಸಮಯದಲ್ಲಿ ಅಧಿಕೃತ ಪ್ರಸಾರ ಸಂಸ್ಥೆಯ ಮುಖ್ಯಸ್ಥರು ಕ್ಯಾಮೆರಾ ನಿರ್ವಾಹಕರಿಗೆ, ಪುರುಷರನ್ನೂ ಮಹಿಳೆಯರನ್ನೂ ಒಂದೇ ರೀತಿ ಚಿತ್ರೀಕರಿಸಿ ಎಂದು ಸೂಚಿಸಬೇಕಾಯಿತು.

ಎರಡು ಆಕ್ಷೇಪಗಳು

“ಪ್ರೀತಿಯಿಂದ ಹೇಳಿದ ಮಾತು, ಅದಕ್ಕೇಕೆ ಇಷ್ಟು ದೊಡ್ಡ ಚರ್ಚೆ?” ಎಂದು ನೀವು ಕೇಳಬಹುದು. ಸ್ಕ್ರೂ ಗೇಜಿನ ಶೂನ್ಯ ದೋಷವನ್ನು ನೆನಪಿಸಿಕೊಳ್ಳಿ. ಕೈ ನಡುಗಿದ್ದರಿಂದ ಆಗುವ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಶೂನ್ಯ ದೋಷ ಹಾಗಲ್ಲ. ಅದು ಅಲ್ಪವಾಗಿದ್ದರೂ ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತದೆ. ಸಾವಿರ ಸಲ ಅಳೆದರೂ ಹೋಗದು. ಉಪಕರಣವನ್ನೇ ತಿದ್ದಬೇಕು. ಒಂದು “ಬೆಡಗಿ”, ಒಂದು “ಮುದ್ದು ಬಾಲೆ” ಸಣ್ಣ ಮಾತು ನಿಜ. ಆದರೆ ಇಂಥ ಎಲ್ಲ ಮಾತುಗಳೂ ಒಂದೇ ದಿಕ್ಕಿಗೆ ವಾಲುತ್ತವೆ.

“ಜನ ಬಯಸಿದ್ದನ್ನು ಕೊಡುತ್ತೇವೆ” ಎಂಬುದು ಎರಡನೆಯ ಆಕ್ಷೇಪ, ನಮ್ಮಂಥ ನಿರ್ಮಾಪಕರದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಜಾಹೀರಾತು ಇರುವ ಕಡೆಗೇ ಕ್ಯಾಮೆರಾ ಹೋಗುತ್ತದೆ. ಆದರೆ ತೋರಿಸದೆ ಬಯಕೆ ಹುಟ್ಟುವುದಿಲ್ಲ. 2022ರ ಅಕ್ಟೋಬರಿನಲ್ಲಿ ಭಾರತೀಯ ಕ್ರಿಕೆಟ್ ಮಂಡಳಿ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ತಂಡ ದಕ್ಷಿಣ ಆಫ್ರಿಕವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದಾಗ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಆ ಜನರೆಲ್ಲ ಎಲ್ಲಿಂದ ಬಂದರು?

ನಿಮಗೊಂದು ಪ್ರಯೋಗ

ಮುಂದಿನ ಸಲ ಟಿವಿಯಲ್ಲಿ ಆಟ ನೋಡುವಾಗ ಕಾಗದ, ಪೆನ್ನು ಹಿಡಿದು ಕೂಡಿ. ಪುರುಷರ ಪಂದ್ಯದ ಹದಿನೈದು ನಿಮಿಷ, ಮಹಿಳೆಯರ ಪಂದ್ಯದ ಹದಿನೈದು ನಿಮಿಷ ಆರಿಸಿಕೊಳ್ಳಿ. ನಾಲ್ಕು ಕಲಮುಗಳನ್ನು ಗೆರೆ ಎಳೆದುಕೊಳ್ಳಿ: ಆಟದ ಕೌಶಲದ ಬಗ್ಗೆ ಎಷ್ಟು ಮಾತು, ರೂಪ-ಉಡುಪಿನ ಬಗ್ಗೆ ಎಷ್ಟು, ಮನೆ-ಮದುವೆ-ಮಕ್ಕಳ ಬಗ್ಗೆ ಎಷ್ಟು, “ಹುಡುಗ” ಅಥವಾ “ಹುಡುಗಿ” ಎಂದು ಕರೆದದ್ದು ಎಷ್ಟು ಸಲ. ಗೆಳೆಯರು, ಗೆಳತಿಯರು ಬೇರೆ ಬೇರೆಯಾಗಿ ಎಣಿಸಿ ಆಮೇಲೆ ಹೋಲಿಸಿ. ಎರಡೂ ಕಡೆ ಲೆಕ್ಕ ಒಂದೇ ಬಂದರೆ ಸಂತೋಷ, ನನ್ನ ವಾದ ಅಷ್ಟು ಮಟ್ಟಿಗೆ ಸುಳ್ಳು. ಭೇದ ಕಂಡರೆ ವಾಹಿನಿಗೆ ಒಂದು ಕಾರ್ಡು ಬರೆಯಿರಿ. ಅಂಕಿ ಸಹಿತ ಬಂದ ಪತ್ರವನ್ನು ಯಾವ ನಿರ್ಮಾಪಕರೂ ಸುಲಭವಾಗಿ ಬದಿಗಿಡಲಾರರು. ನಿಮ್ಮ ಶಾಲೆಯ ವಾರ್ಷಿಕ ಕ್ರೀಡಾಕೂಟದಲ್ಲಿ ಮೈಕು ಹಿಡಿಯುವ ಸರದಿ ನಿಮ್ಮದಾದರೆ, ಮೊದಲು ನಿಮ್ಮ ಮಾತನ್ನೇ ಪರೀಕ್ಷಿಸಿಕೊಳ್ಳಿ.

ಭೋಜದಿಂದ ಮರಳಿದ ಮೇಲೆ ನನ್ನ ಟಿಪ್ಪಣಿ ಪುಸ್ತಕದ ಒಳರಕ್ಷಾಪುಟದ ಮೇಲೆ ಒಂದು ಸಾಲು ಬರೆದಿಟ್ಟುಕೊಂಡಿದ್ದೇನೆ: “ಪಾಯಿಂಟ್ ಎಷ್ಟು?” ಯಾರ ಆಟವೇ ಇರಲಿ, ವಿವರಣೆ ಬರೆಯುವ ಮುನ್ನ ಆ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಅಂದು ಆ ಹುಡುಗಿಯ ಮನೆಗೆ ಹೋಗಿ ಆಯಿಯ ಮುಂದೆ ಕೂತು, ಚಿತ್ರೀಕರಿಸಿದ್ದ ಪೂರ್ತಿ ಪಂದ್ಯವನ್ನು ಅವರಿಗೆ ತೋರಿಸಿದೆ. ಮೊಮ್ಮಗಳು ಕಂಬದ ಬಳಿ ನೆಲಕ್ಕೆ ಹಾರಿ ಎದುರಾಳಿಯನ್ನು ಮುಟ್ಟಿದ ದೃಶ್ಯವನ್ನು ಆಯಿ ಎರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ್ಯಾಕ ತೋರಿಸಲಿಲ್ಲವ್ವ ನೀ?” ಎಂದು ಕೇಳಿದರು.